ಚಿತ್ರಾಭ್ಯಾಸದಲ್ಲಿ ಗೆಳೆಯರ ವಿಮರ್ಶೆ

ಚಿತ್ರಕಲೆಯು ಗುರುಮುಖದಿಂದಲೇ ಕಲಿಯತಕ್ಕ ವಿದ್ಯೆಯೆಂದು ಬಲ್ಲವರು ಹೇಳುವುದುಂಟು. ಮಾತು ಸರಿಯೇ. ಆದರೆ ಗುರುವಿಲ್ಲದ ಊರಿನವನು ಏನು ಮಾಡಬೇಕು? ಹೆಬ್ರಿಯಂಥ ಘಟ್ಟದ ಬುಡದ ಊರಿನಲ್ಲಿ ಬೆಳೆದು, ಹೈಸ್ಕೂಲಿನಲ್ಲಿ ಲೋಯರ್ ಗ್ರೇಡ್ ಪರೀಕ್ಷೆಯೊಂದನ್ನು ಮುಗಿಸಿ, ಈಗ ಇತಿಹಾಸ ಅರ್ಥಶಾಸ್ತ್ರಗಳನ್ನು ಓದುತ್ತಿರುವ ನಮ್ಮಂಥವರಿಗೆ ಚಿತ್ರವೆಂಬುದು ಪಠ್ಯದಲ್ಲಿಲ್ಲದ ವಿಷಯ. ಮನೆಯಲ್ಲಿ ತೋರಿಸಿದರೆ ಅಮ್ಮ "ಚಂದ ಉಂಟು" ಎನ್ನುತ್ತಾರೆ, ಅಪ್ಪ "ಪರೀಕ್ಷೆಗೆ ಓದಿ ಆಯಿತೋ?" ಎನ್ನುತ್ತಾರೆ. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಅವರ ಎರಡು ಮಾತುಗಳಲ್ಲಿಯೂ ಪ್ರೀತಿಯಿದೆ. ಆದರೆ ಬರೆದ ಹಲಸಿನ ಮರದ ಕೊಂಬೆ ಬೊಡ್ಡೆಗೆ ಹೊಂದದೆ ಬೇರೆಯಾಗಿ ತೋರುವುದೇಕೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಹಾಗಾದರೆ ಉಳಿದ ದಾರಿಯೆಂದರೆ, ನಮ್ಮಂತೆಯೇ ಕಲಿಯುತ್ತಿರುವ ನಾಲ್ಕಾರು ಮಂದಿ ಕೂಡಿ, ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಹೇಳುವುದು.

ಇದು ನಮ್ಮ ಸೀಮೆಗೆ ಹೊಸ ಪದ್ಧತಿಯೇನಲ್ಲ. ಯಕ್ಷಗಾನದ ಚೌಕಿಗೆ ಇಣುಕಿದವರೆಲ್ಲ ಕಂಡಿರುತ್ತಾರೆ: ವೇಷಧಾರಿ ಕೈಯಲ್ಲೊಂದು ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಹುಬ್ಬಿನ ಒಂದು ತುದಿ ಮೇಲಾದರೆ ಪಕ್ಕದಲ್ಲಿ ಕುಳಿತವನ ಕಣ್ಣಿಗೆ ಅದು ಬೇಗ ಬೀಳುತ್ತದೆ. ಕನ್ನಡಿಯು ಮುಖವನ್ನು ತೋರಿಸೀತು. ರಂಗಸ್ಥಳದ ದೂರದಿಂದ ಆ ಮುಖ ಹೇಗೆ ಕಂಡೀತೆಂಬುದನ್ನು ಎದುರಿನವನೇ ಹೇಳಬೇಕು.

ಗೆಳೆಯನ ಕಣ್ಣಿಗೆ ಈ ಶಕ್ತಿ ಬರುವುದು ಅವನು ನಮಗಿಂತ ಹೆಚ್ಚು ಬಲ್ಲನೆಂದಲ್ಲ. ಒಂದೇ ಹಾಳೆಯನ್ನು ಎರಡು ಗಂಟೆ ನೋಡಿದವನ ಕಣ್ಣು ಅದರ ತಪ್ಪಿಗೆ ಒಗ್ಗಿಹೋಗಿರುತ್ತದೆ. ಬರೆದವನು ತಾನು ಬರೆಯಬೇಕೆಂದುಕೊಂಡದ್ದನ್ನು ನೋಡುತ್ತಾನೆ. ಹೊಸಬನಾದರೋ ಹಾಳೆಯ ಮೇಲೆ ಇರುವುದನ್ನಷ್ಟೇ ನೋಡುತ್ತಾನೆ. ಚಿತ್ರವನ್ನು ಕನ್ನಡಿಯಲ್ಲಿ ನೋಡಬೇಕೆಂದು ಇಟಲಿಯ ಲಿಯೊನಾರ್ದೊ ದ ವಿಂಚಿ ಹೇಳಿದ್ದು ಇದಕ್ಕಾಗಿಯೇ. ಗೆಳೆಯರ ಮಾತನ್ನು ಕೇಳಬೇಕೆಂದೂ ಅವನು ಹೇಳಿದ್ದಾನೆ.

ಒಂದು ನಿದರ್ಶನವನ್ನು ಕೊಡುತ್ತೇನೆ. ಹೆಬ್ರಿಗೆ ಸಮೀಪದ ವರಂಗದಲ್ಲಿ ಕೆರೆಯ ನಡುವೆ ಬಸದಿಯಿದೆ, ದೋಣಿಯಲ್ಲಿ ಹೋಗಬೇಕು. ಚಿತ್ರ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಈ ಸುತ್ತಿನಲ್ಲಿಲ್ಲ. ನಮ್ಮಲ್ಲೊಬ್ಬನು ಬಸದಿಯನ್ನು ಬಹಳ ಅಂದವಾಗಿ ಬರೆದು, ನೀರಿನಲ್ಲಿ ಅದರ ರೂಪವನ್ನು ಎಡಕ್ಕೆ ವಾಲಿಸಿದ್ದನು. ಏನೋ ಸರಿಯಿಲ್ಲವೆಂದು ಎಲ್ಲರಿಗೂ ತೋರಿತು, ಏನೆಂದು ಹೇಳಲಾಗಲಿಲ್ಲ. ಕೊನೆಗೆ ದ್ವಿತೀಯ ಬಿ.ಎ.ಯ ಸಹೋದರಿಯೊಬ್ಬಳು, "ಅಣ್ಣಾ, ನೀವು ಬರೆದದ್ದು ನೆರಳು, ನೀರಿನಲ್ಲಿ ಕಾಣುವುದು ಪ್ರತಿಬಿಂಬ ಅಲ್ಲವೋ?" ಎಂದಳು. ಅಷ್ಟೇ ಮಾತು. ನೆರಳು ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚುತ್ತದೆ; ಪ್ರತಿಬಿಂಬವು ಸೂರ್ಯ ಎಲ್ಲಿದ್ದರೂ ವಸ್ತುವಿನ ನೇರ ಕೆಳಗೇ ಬೀಳುತ್ತದೆ. ಅಷ್ಟು ಮಾತ್ರವಲ್ಲ, ಅದು ತಲೆಕೆಳಗಾದ ನಕಲೂ ಅಲ್ಲ. ದಂಡೆಯಲ್ಲಿ ನಿಂತವನಿಗೆ ನೇರವಾಗಿ ಕಾಣದ ಮಾಡಿನ ಅಡಿಭಾಗ ನೀರಿನಲ್ಲಿ ಕಾಣುತ್ತದೆ. ಈ ಎರಡನೆಯ ಸಂಗತಿ ಆ ದಿನ ಯಾರಿಗೂ ತಿಳಿದಿರಲಿಲ್ಲ. ಆ ಮಾತಿನಿಂದ ಹುಟ್ಟಿದ ಚರ್ಚೆಯಲ್ಲಿ ಮರುವಾರ ಪುನಃ ಕೆರೆಗೆ ಹೋಗಿ ಕಂಡುಕೊಂಡೆವು.

1869ರಲ್ಲಿ ಫ್ರಾನ್ಸಿನ ಮೊನೆ ಮತ್ತು ರೆನ್ವಾರ್ ಎಂಬ ಇಬ್ಬರು ಬಡ ಗೆಳೆಯರು ಸೇನ್ ನದಿಯ ದಂಡೆಯಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಒಂದೇ ದೃಶ್ಯವನ್ನು ಬರೆದರು. ಅದೇ ನೀರು, ಅದೇ ದೋಣಿಗಳು, ಆದರೂ ಎರಡು ಚಿತ್ರಗಳು ಒಂದೇ ಅಲ್ಲ. ನನ್ನ ಅಭಿಪ್ರಾಯದಲ್ಲಿ ವಿಮರ್ಶೆಯ ಅತ್ಯುತ್ತಮ ರೀತಿ ಇದು. ಬಾಯಿ ತೆರೆಯುವ ಮೊದಲೇ ಪಕ್ಕದವನ ಹಾಳೆ ನಮಗೆ ಅರ್ಧ ಪಾಠವನ್ನು ಹೇಳಿರುತ್ತದೆ.

ಮಾತಿಗೂ ಒಂದು ಕ್ರಮ ಬೇಕು. ನಮ್ಮ ಕೂಟದಲ್ಲಿ ಬರೆದವನು ಮೊದಲು ಸುಮ್ಮನಿರತಕ್ಕದ್ದು; ವಿವರಣೆ ಕೊಡಕೂಡದು. ನೋಡುವವರು ಮೊದಲು ತಮ್ಮ ದೃಷ್ಟಿ ಎಲ್ಲಿಗೆ ಹೋಯಿತೆಂಬುದನ್ನಷ್ಟೇ ಹೇಳುತ್ತಾರೆ. ಕಂಬಳದ ಕೋಣಗಳನ್ನು ಬರೆದವನಿಗೆ "ಕಣ್ಣು ಮೊದಲು ಆ ಬಾವುಟಕ್ಕೆ ಹೋಯಿತು ಮಾರಾಯಾ" ಎಂದರೆ ಸಾಕು, ಬಾವುಟದ ಕೆಂಪು ಹೆಚ್ಚಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ಒಂದು ದೋಷ, ಬಹಳವೆಂದರೆ ಎರಡು. ಹತ್ತು ದೋಷಗಳನ್ನು ಕೇಳಿದವನು ಒಂದನ್ನೂ ತಿದ್ದಲಾರ. ಇನ್ನೊಬ್ಬರ ಹಾಳೆಯ ಮೇಲೆ ಪೆನ್ಸಿಲ್ ಇಡುವುದು ಸರ್ವಥಾ ಸಲ್ಲದು. ಬೇಕಾದರೆ ಮೇಲೊಂದು ಟ್ರೇಸಿಂಗ್ ಕಾಗದವನ್ನಿಟ್ಟು ಗೆರೆ ಎಳೆದು ತೋರಿಸಬಹುದು. ಘಟ್ಟದ ಬೆಟ್ಟಗಳು ದೂರವಾಗಿ ಕಾಣದಿದ್ದರೆ, ಮೊಬೈಲಿನಲ್ಲಿ ಚಿತ್ರದ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡುವುದೂ ಒಂದು ಉಪಾಯ. ಹತ್ತಿರದ ಅಡಿಕೆ ತೋಟವೂ ದೂರದ ಶಿಖರವೂ ಒಂದೇ ಬೂದುಬಣ್ಣಕ್ಕೆ ತಿರುಗಿದರೆ ದೋಷ ತಾನಾಗಿ ಹೊರಬೀಳುತ್ತದೆ.

"ಸೂಪರ್" ಎಂಬ ಮಾತನ್ನು ಮಾತ್ರ ನಾವು ನಿಷೇಧಿಸಿದ್ದೇವೆ. ಹೊಗಳಬಾರದೆಂದಲ್ಲ, ಯಾವ ಗೆರೆ ಚೆನ್ನಾಗಿದೆಯೆಂದು ಬೆರಳಿಟ್ಟು ತೋರಿಸಿ ಹೊಗಳಬೇಕು.

ಕಟುವಾದ ಮಾತಿನ ಪರಿಣಾಮಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ವಿನ್ಸೆಂಟ್ ವಾನ್ ಗೋ ಮತ್ತು ವಾನ್ ರಾಪಾರ್ಡ್ ಐದು ವರ್ಷ ಒಬ್ಬರ ಕೆಲಸವನ್ನೊಬ್ಬರು ನೋಡಿ ಪತ್ರ ಬರೆದುಕೊಳ್ಳುತ್ತಿದ್ದ ಮಿತ್ರರು. 1885ರಲ್ಲಿ ವಾನ್ ಗೋ ತನ್ನ "ಆಲೂಗಡ್ಡೆ ತಿನ್ನುವವರು" ಚಿತ್ರದ ಕಲ್ಲಚ್ಚಿನ ಪ್ರತಿಯನ್ನು ಕಳುಹಿಸಿದಾಗ, ರಾಪಾರ್ಡನು ಅದರ ಕೈ, ಮೂಗು, ಮೈಕಟ್ಟುಗಳನ್ನು ಕಟುವಾಗಿ ಖಂಡಿಸಿದನು. ವಾನ್ ಗೋ ಆ ಪತ್ರವನ್ನೇ ಹಿಂದಿರುಗಿಸಿದನು. ಕೆಲವೇ ತಿಂಗಳುಗಳಲ್ಲಿ ಸ್ನೇಹ ಮುರಿಯಿತು. ಅಂಗರಚನೆಯ ಮಟ್ಟಿಗೆ ರಾಪಾರ್ಡನ ಮಾತಿನಲ್ಲಿ ಸತ್ಯಾಂಶವಿರಲಿಲ್ಲವೆಂದು ಹೇಳಲಾಗದು. ಆದರೆ ದುಡಿಮೆಯ ಕೈಗಳನ್ನು ಒರಟಾಗಿಯೇ ತೋರಿಸಬೇಕೆಂಬ ಗೆಳೆಯನ ಉದ್ದೇಶವನ್ನು ಅವನು ಕೇಳಲೇ ಇಲ್ಲ. ಅದಕ್ಕಾಗಿ ನಾವು ತೀರ್ಪಿಗೆ ಮೊದಲು "ನೀನು ಇಲ್ಲಿ ಏನು ತೋರಿಸಹೊರಟೆ?" ಎಂದು ಕೇಳುವ ರೂಢಿಯಿಟ್ಟುಕೊಂಡಿದ್ದೇವೆ.

ಹೇಳುವವನು ಚಿತ್ರಗಾರನೇ ಆಗಿರಬೇಕೆ? ಹಾಗೇನೂ ಇಲ್ಲ. ಗ್ರೀಸಿನ ಅಪೆಲ್ಲಿಸನು ತನ್ನ ಚಿತ್ರದ ಹಿಂದೆ ಅಡಗಿ ದಾರಿಹೋಕರ ಮಾತನ್ನು ಕೇಳುತ್ತಿದ್ದನಂತೆ. ಚಮ್ಮಾರನೊಬ್ಬ ಪಾದರಕ್ಷೆಯ ತಪ್ಪು ಹೇಳಿದಾಗ ತಿದ್ದಿದನು, ಮರುದಿನ ಅವನೇ ಕಾಲಿನ ತಪ್ಪು ಹೇಳಹೋದಾಗ ಗದರಿಸಿದನು. ಕತೆಯ ಮೊದಲ ಭಾಗ ನನಗೆ ಪ್ರಿಯ, ಎರಡನೆಯದು ಅಷ್ಟಾಗಿ ಅಲ್ಲ. ನಮ್ಮ ಕೂಟದಲ್ಲಿ ಹವ್ಯಾಸಿ ವೇಷಧಾರಿಯೊಬ್ಬನಿದ್ದಾನೆ, ಒಂದು ಗೆರೆಯನ್ನೂ ಎಳೆಯಲಾರ. ಕುಣಿಯುವ ವೇಷದ ಚಿತ್ರವನ್ನು ಕಂಡು, "ಈ ಕಾಲಿನ ಮೇಲೆ ಭಾರ ಬಿದ್ದಿಲ್ಲ, ಇವ ಬೀಳುತ್ತಾನೆ" ಎಂದು ಅವನು ಹೇಳಿದ್ದು ಪುಸ್ತಕದಲ್ಲಿ ಸಿಗುವ ಮಾತಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿದ ಮೇಲೂ ಲಯವನ್ನು ಅರಿಯಲು ಕಥಕ್ ನೃತ್ಯವನ್ನು ಕಲಿತರು. ಅವರ ರೇಖೆಗಳಲ್ಲಿ ಕುಣಿಯುವವನ ಭಾರ ಯಾವ ಪಾದದ ಮೇಲಿದೆಯೆಂದು ಎಲ್ಲರಿಗೂ ತಿಳಿಯುತ್ತದೆ.

ತಿದ್ದುವ ವಿಚಾರದಲ್ಲಿ ಒಂದು ಮಾತು. ಟೀಕೆ ಕೇಳಿದ ಹಾಳೆಯನ್ನೇ ಉಜ್ಜಿ ತಿದ್ದುವುದರಿಂದ ಲಾಭ ಕಡಿಮೆ. ಜಲವರ್ಣವಾದರೆ ಕೆಸರಾಗುವುದೇ ಹೆಚ್ಚು, ಅದೂ ಬಣ್ಣ ಬೇಗನೆ ಒಣಗದ ನಮ್ಮ ಆಷಾಢದ ಮಳೆಯಲ್ಲಿ. ಹಳೆಯದಕ್ಕೆ ತಾರೀಖು ಹಾಕಿಟ್ಟು ಅದೇ ವಸ್ತುವನ್ನು ಹೊಸ ಹಾಳೆಯಲ್ಲಿ ಬರೆಯಬೇಕು. ಬಸದಿಯನ್ನು ವಾಲಿಸಿದ್ದ ಗೆಳೆಯನು ಅದನ್ನು ಐದು ಸಲ ಬರೆದಿದ್ದಾನೆ. ಐದನ್ನೂ ಸಾಲಾಗಿ ನೆಲದ ಮೇಲೆ ಹರಡಿದ ದಿನ ಯಾರೂ ಟೀಕೆ ಮಾಡಲಿಲ್ಲ. ಅವನೇ ಬಗ್ಗಿ ನೋಡಿ, ಮೂರನೆಯದರ ನೀರು ಐದನೆಯದರ ನೀರಿಗಿಂತ ಚೆನ್ನಾಗಿದೆಯೆಂದನು.

ಪರೀಕ್ಷೆ ಮುಗಿದರೆ ನಮ್ಮಲ್ಲಿ ನಾಲ್ವರು ಚದರಿಹೋಗುತ್ತೇವೆ. ಕೆಲಸ ಸಿಕ್ಕಿದ ಊರಿನಲ್ಲಿ ಹಾಳೆಯನ್ನು ಯಾರ ಮುಂದೆ ಹಿಡಿಯಬೇಕೆಂಬುದು ನಮಗಿನ್ನೂ ತಿಳಿದಿಲ್ಲ. ಕಿರಿಯರು ಐವರಿದ್ದಾರೆ, ಶನಿವಾರ ಮಧ್ಯಾಹ್ನ ಅವರು ಕೂಡುವಲ್ಲಿ ಹೊಸಬರಿಗೆ ಜಾಗವುಂಟು. ಬರುವವರು ಮುಗಿದ ಚಿತ್ರಕ್ಕಿಂತ ಅರ್ಧ ಬರೆದ ಚಿತ್ರವನ್ನು ತಂದರೆ ಹೆಚ್ಚು ಅನುಕೂಲ.