ಮಳೆಗಾಲಕ್ಕೂ ದುಬೈಗೂ ಒಂದೇ ಪವರ್ ಬ್ಯಾಂಕ್

ಭಟ್ಕಳದ ಸಹೋದರಿಗೆ,

ಗಾಳಿಮಳೆಗೆ ಮರ ಬಿದ್ದು ಹೊನ್ನಾವರ, ಕುಮಟಾ ಕಡೆ ರಾತ್ರಿಯಿಡೀ ಕರೆಂಟ್ ಇಲ್ಲದಿರುವುದು ಹೊಸದಲ್ಲ. ದೊಡ್ಡ ಪವರ್ ಬ್ಯಾಂಕ್ ಬೇಕೆನ್ನುವ ನಿಮ್ಮ ಯೋಚನೆ ಸರಿಯೇ. ಆದರೆ ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಬೇಡಿ. 20,000 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ. 5 ವೋಲ್ಟ್‌ಗೆ ಏರಿಸಿದಾಗ ಅಂಕಿ ಇಳಿಯುತ್ತದೆ, ಒಂದಷ್ಟು ಶಾಖವಾಗಿಯೂ ಹೋಗುತ್ತದೆ. ಕೈಗೆ ಸಿಗುವುದು 12–13 ಸಾವಿರ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ‘ರೇಟೆಡ್ ಕೆಪಾಸಿಟಿ’ಯನ್ನೇ ಓದಿ. 5,000 ಎಂಎಎಚ್ ಫೋನ್ ಎರಡೂವರೆ ಸಲ ತುಂಬಿದರೆ ಅದು ಒಳ್ಳೆಯ ಸರಕು.

ಬಿಐಎಸ್ ನೋಂದಣಿ ಸಂಖ್ಯೆ ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ. ಅಂಗಡಿಯಲ್ಲೇ ನಿಂತು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿ.

ಯಜಮಾನರು ದುಬೈಗೆ ಒಯ್ಯುತ್ತಾರೆಂದು 30,000ದ್ದು ಕೇಳಿದ್ದೀರಿ. ಅದು 111 ವ್ಯಾಟ್-ಅವರ್ ಆಗುತ್ತದೆ. ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100. ಎಮಿರೇಟ್ಸ್ ಅಂತೂ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದನ್ನಷ್ಟೇ ಬಿಡುತ್ತದೆ, ಅದನ್ನೂ ಹಾರಾಟದಲ್ಲಿ ಬಳಸುವಂತಿಲ್ಲ. ಚೆಕ್-ಇನ್ ಬ್ಯಾಗಿಗೆ ಹಾಕಲೇಬಾರದು.

20,000ದ್ದೇ ಕೊಳ್ಳಿ. ಮೈ ಉಬ್ಬಿದ್ದು ಕಂಡ ದಿನವೇ ಬಳಕೆ ನಿಲ್ಲಿಸಿ.