ವಾರಾನ್ನ, ಬೆಳಗಿನ ತರಗತಿ ಮತ್ತು ವಿದ್ಯಾರ್ಥಿಯ ಹೊಣೆ

ಕನ್ನಡದ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ವಾರಾನ್ನವನ್ನು ಕೇವಲ ಬಡತನದ ಕಥೆಯೆಂದು ಓದುವುದು ರೂಢಿ. ಅದು ವಿದ್ಯಾರ್ಥಿಪೋಷಣೆಯ ಒಂದು ವ್ಯವಸ್ಥೆಯೂ ಆಗಿತ್ತು. ವಾರಕ್ಕೆ ಏಳು ಮನೆ. ಅವನ್ನು ಹುಡುಕಿ ಗೊತ್ತುಮಾಡಿಕೊಳ್ಳುವ ಹೊಣೆ ಬಹುಮಟ್ಟಿಗೆ ಹುಡುಗನದೇ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಓದು, ಪರೀಕ್ಷೆಗಳ ಚಿಂತೆ ಅನ್ನವಿಟ್ಟವರದಲ್ಲ. ಆದರೆ ಈ ಸ್ವಾವಲಂಬನೆಯ ಬೆನ್ನಿಗೇ ಮನೆಯವರ ಮುಖಭಾವವನ್ನು ಗಮನಿಸುತ್ತ ತುತ್ತು ನುಂಗುವ ಸಂಕೋಚವಿತ್ತು. ಮೇಲಾಗಿ ಆ ಬಾಗಿಲುಗಳು ಹೆಚ್ಚಾಗಿ ಸ್ವಜಾತಿಯವರಿಗೇ ತೆರೆಯುತ್ತಿದ್ದವು. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು.

ಮುಂಬಯಿಯಲ್ಲಿ ಬೇರೊಂದು ಬಗೆಯ ನೆರವು ಕಾಣುತ್ತದೆ. ಡಾ. ಬಿ. ಆರ್. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ದುಡಿಯುವವರಿಗಾಗಿ ಬೆಳಗಿನ ತರಗತಿಗಳನ್ನು ನಡೆಸಿತು. ಇಲ್ಲಿ ಒದಗಿದ್ದು ಅನ್ನವಲ್ಲ, ವೇಳೆ. ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಕರಾವಳಿಯ ಎಷ್ಟೋ ಹುಡುಗರಿಗೂ ಮುಂದೆ ಪದವಿಯ ದಾರಿಯಾದದ್ದು ಈ ನಗರದ ಇಂಥ ತರಗತಿಗಳೇ. ಸಂಬಳ ತನ್ನದಾಗಿದ್ದವನು ಊಟಕ್ಕಾಗಿ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ನಿದ್ದೆಗೆಟ್ಟು ತರಗತಿಗೆ ಬರುವ ಹೊಣೆಯೂ ಅವನದೇ.

ಅಧ್ಯಾಪಕರ ನೆರವನ್ನೂ ಹೀಗೆಯೇ ಅಳೆಯಬೇಕು. ಸಂಪ್ರಬಂಧದ ವಿಷಯ, ಆಕರ, ಕೊನೆಗೆ ತೀರ್ಮಾನವನ್ನೂ ತಾವೇ ಹೇಳಿ ಬರೆಯಿಸುವ ಮಾರ್ಗದರ್ಶಕರು ಉದಾರಿಗಳೆನಿಸುತ್ತಾರೆ (ಅವರ ಉದ್ದೇಶ ಒಳ್ಳೆಯದೇ ಇರಬಹುದು). ಆಕರಗಳಿರುವ ಕಪಾಟನ್ನು ತೋರಿಸಿ, ದೋಷವುಳ್ಳ ಕರಡನ್ನು ತಿದ್ದದೆ ಅಂಚಿನಲ್ಲಿ ನಾಲ್ಕು ಪ್ರಶ್ನೆ ಬರೆದು ಹಿಂದಿರುಗಿಸುವವರಿಗೆ ನಿಷ್ಠುರರೆಂಬ ಹೆಸರು. ಮೌಖಿಕ ಪರೀಕ್ಷೆಯ ದಿನ ಮೊದಲಿನವರ ವಿದ್ಯಾರ್ಥಿ ಪ್ರತಿ ಪ್ರಶ್ನೆಗೂ ಮಾರ್ಗದರ್ಶಕರ ಮುಖ ನೋಡುತ್ತಾನೆ.