ಮೂವತ್ತೈದು ದಾಟಿದ ಗರ್ಭಿಣಿ: ಹೆರಿಗೆ ಮನೆಯಲ್ಲೋ, ಆಸ್ಪತ್ರೆಯಲ್ಲೋ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಉಳಿದ ಶೇ. 3ರ ವಿಷಯದಲ್ಲಿ ಪಾಠವೇಕೆ ಎಂದು ಸದಸ್ಯರು ಕೇಳಬಹುದು. ಮನೆಯಲ್ಲಿಯೇ ಹೆರುವೆನೆನ್ನುವವರಲ್ಲಿ ಮೂರು-ನಾಲ್ಕು ಮಕ್ಕಳನ್ನು ಸುಸೂತ್ರವಾಗಿ ಹೆತ್ತು, ವಯಸ್ಸು ಮೂವತ್ತೈದು ದಾಟಿದ ತಾಯಂದಿರೂ ಇರುತ್ತಾರೆ. ಅಪಾಯ ಹೆಚ್ಚಿರುವುದೂ ಅಂಥವರಿಗೇ.

ಅವರ ಕಾರಣಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಚೊಚ್ಚಲು ಹೆರಿಗೆಗೆ ತವರಿನವರು ಕರೆದೊಯ್ಯುತ್ತಾರೆ. ನಾಲ್ಕನೆಯದಕ್ಕೆ ತವರಿನಲ್ಲಿ ತಾಯಿಯೇ ಇಲ್ಲದಿರಬಹುದು. ಬನಹಟ್ಟಿ ಸುತ್ತಲಿನ ನೇಕಾರ ಮನೆಗಳಲ್ಲಿ ಮಗ್ಗ ನಿಂತರೆ ಮಜೂರಿಯೂ ನಿಲ್ಲುತ್ತದೆ. ಸಣ್ಣ ಮಕ್ಕಳಿಗೆ ರೊಟ್ಟಿ ಬಡಿದು ಕೊಡುವವರಾರು? ಎಲ್ಲಕ್ಕಿಂತ ಮಿಗಿಲಾಗಿ, ‘ಈ ವಯಸ್ಸಿನಲ್ಲಿ ಬೇಕಿತ್ತೇ’ ಎಂಬ ಮಾತಿನ ಭಯ. ಮಗಳ ಮದುವೆ ಮಾಡಿದ ತಾಯಿ ನಾಚಿಕೆಯಿಂದ ಐದಾರು ತಿಂಗಳವರೆಗೆ ತಾಯಿ ಕಾರ್ಡ್ ಪಡೆಯದೆ ಇರುವುದುಂಟು.

ಆದರೆ ಹಿಂದಿನ ಹೆರಿಗೆಗಳು ಸುಲಭವಾಗಿದ್ದವು ಎಂಬುದು ಈ ಬಾರಿಗೆ ಭರವಸೆಯಲ್ಲ. ವಯಸ್ಸಿನೊಂದಿಗೆ ರಕ್ತದೊತ್ತಡ, ಮಧುಮೇಹಗಳ ಸಂಭವ ಹೆಚ್ಚುತ್ತದೆ. ಹಲವು ಬಾರಿ ಹಿಗ್ಗಿದ ಗರ್ಭಕೋಶವು ಹೆರಿಗೆಯ ನಂತರ ಬಿಗಿಯಾಗಿ ಸಂಕುಚಿಸದೆ ರಕ್ತಸ್ರಾವವಾಗುವ ಸಾಧ್ಯತೆಯೂ ಹೆಚ್ಚು. ತೀವ್ರ ರಕ್ತಸ್ರಾವವು ಎರಡು ಗಂಟೆಯೊಳಗೆ ಪ್ರಾಣ ತೆಗೆಯಬಲ್ಲುದು. ಮನೆಯವರು ನಿರ್ಧರಿಸುವ ವೇಳೆ, 108 ವಾಹನ ಬರುವ ವೇಳೆ, ದಾರಿಯ ವೇಳೆ, ಚಿಕಿತ್ಸೆ ಆರಂಭವಾಗುವ ವೇಳೆ ಇವೆಲ್ಲ ಆ ಎರಡು ಗಂಟೆಯಲ್ಲಿಯೇ ಮುಗಿಯಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿ ರಸ್ತೆಗಳೇ ಮುಳುಗಿದ್ದನ್ನು ಸದಸ್ಯರು ಮರೆತಿರಲಾರರು. ನದಿತೀರದ ಗ್ರಾಮಗಳಲ್ಲಿ ಮಳೆಗಾಲದ ಹೆರಿಗೆಗೆ ದಿನ ಮುಂಚಿತವಾಗಿಯೇ ಸ್ಥಳಾಂತರ ಅಗತ್ಯ.

ನೆದರ್ಲೆಂಡ್ಸ್‌ನಲ್ಲಿ ಇಂದಿಗೂ ಮನೆ ಹೆರಿಗೆ ಇದೆ ಎಂಬ ವಾದ ಕೇಳಿಬರುತ್ತದೆ. ಅಲ್ಲಿ ತರಬೇತಿ ಪಡೆದ ಸೂಲಗಿತ್ತಿಯರು, ಕಡಿಮೆ ಅಪಾಯದ ಗರ್ಭಿಣಿಯರನ್ನು ಮಾತ್ರ ಆಯ್ದು, ಆಸ್ಪತ್ರೆಯ ಸಂಪರ್ಕವಿಟ್ಟುಕೊಂಡು ಹೆರಿಗೆ ಮಾಡಿಸುತ್ತಾರೆ. ಆ ವ್ಯವಸ್ಥೆಯನ್ನು ಬಿಟ್ಟು ಮನೆಯನ್ನಷ್ಟೇ ಅನುಕರಿಸಲಾಗದು. ಹಾಗೆಂದು ಯಾವುದೋ ಒಂದು ಆಸ್ಪತ್ರೆ ಎಂದರೂ ಸಾಲದು. ಶಸ್ತ್ರಚಿಕಿತ್ಸೆ, ರಕ್ತದ ಸೌಲಭ್ಯವಿಲ್ಲದ ಪ್ರಾಥಮಿಕ ಕೇಂದ್ರಕ್ಕೆ ಇಂಥ ತಾಯಿಯನ್ನು ಕರೆದೊಯ್ದರೆ ಅಲ್ಲಿಂದ ಮತ್ತೆ ಸಾಗಿಸಬೇಕಾಗುತ್ತದೆ. ಜಮಖಂಡಿಯೋ ಬಾಗಲಕೋಟೆಯೋ ಎಂಬುದನ್ನು ವೈದ್ಯಾಧಿಕಾರಿಗಳಲ್ಲಿ ಕೇಳಿ ಎಂಟನೆಯ ತಿಂಗಳಲ್ಲಿಯೇ ನಿಶ್ಚಯಿಸತಕ್ಕದ್ದು.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರ ತಪಾಸಣೆ ಉಚಿತ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಸಾರಿಗೆ ಎಲ್ಲವೂ ಉಚಿತ. ಇವು ಮಜೂರಿಯ ನಷ್ಟವನ್ನು ತುಂಬುವುದಿಲ್ಲ, ಮನೆಯ ಮಕ್ಕಳನ್ನು ನೋಡಿಕೊಳ್ಳುವುದೂ ಇಲ್ಲ. ಪಂಚಾಯಿತಿಯ ಕೆಲಸ ಆರಂಭವಾಗುವುದು ಇಲ್ಲಿಂದಲೇ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಂದಿನ ಸಭೆಗೆ ಮುನ್ನ, ಮೂವತ್ತೈದು ದಾಟಿದ ಪ್ರತಿಯೊಬ್ಬ ಗರ್ಭಿಣಿಯ ಮನೆಗೆ ವಾರ್ಡಿನ ಮಹಿಳಾ ಸದಸ್ಯರು ಆಶಾ ಕಾರ್ಯಕರ್ತೆಯೊಡನೆ ಭೇಟಿ ನೀಡಬೇಕು. ಜೊತೆಗೆ ಹೋಗುವವರು ಯಾರು, ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದು, 108 ತಡವಾದರೆ ಯಾರ ವಾಹನ, ರಕ್ತ ಬೇಕಾದರೆ ಯಾರು ಕೊಡುವರು ಎಂಬುದನ್ನು ಹೆಸರು ಸಹಿತ ಬರೆದಿಡಬೇಕು. ಈ ಪಟ್ಟಿಯನ್ನು ಸಭೆಯಲ್ಲಿ ಓದತಕ್ಕದ್ದಲ್ಲ, ಸೂಚನಾ ಫಲಕಕ್ಕೂ ಹಚ್ಚತಕ್ಕದ್ದಲ್ಲ. ಅದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿಯೇ ಇರಲಿ.